ಟವರ್ ಎಣಿಸಿದರೆ ಸಾಲದು: ದೂರಸಂಪರ್ಕ ಕಂಪನಿಗಳ ಪರವಾನಗಿ ಆಸ್ತಿಗಳ ವಹಿ ಸಿದ್ಧಪಡಿಸುವ ಕ್ರಮ

ಟವರ್ ಕಂಪನಿಗಳ ಅನುಸರಣಾ ವಿಭಾಗಕ್ಕೆ ಹೊಸದಾಗಿ ಸೇರಿದವರು, ಸೈಟ್ ಸರ್ವೆ ಮಾಡುವ ಗುತ್ತಿಗೆದಾರರ ಸಿಬ್ಬಂದಿ, ನಿಯಂತ್ರಕ ಸಂಸ್ಥೆಗಳಿಗೆ ತಂತ್ರಾಂಶ ಬರೆದುಕೊಡುವ ಎಂಜಿನಿಯರುಗಳು ಬೇರೆ ಬೇರೆ ಮಾತಿನಲ್ಲಿ ಕೇಳುವ ಪ್ರಶ್ನೆ ಒಂದೇ: ನಿಯಂತ್ರಕರು ಬಯಸುವ ಆಸ್ತಿ ವಿವರವನ್ನು ಎಲ್ಲಿಂದ ಶುರುಮಾಡಬೇಕು, ಟವರ್‌ಗಳ ಪಟ್ಟಿಯನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ತುಂಬಿಕೊಟ್ಟರೆ ಸಾಲದೇ? ಸಾಲದು. ಊರಿನ ಹೊಲಗಳನ್ನೆಲ್ಲ ಎಣಿಸಿ ಬರೆದಿಟ್ಟ ಪಟ್ಟಿ ಹೇಗೆ ಪಹಣಿಯಾಗುವುದಿಲ್ಲವೋ, ಟವರ್‌ಗಳನ್ನು ಎಣಿಸಿಟ್ಟ ಪಟ್ಟಿಯೂ ಹಾಗೆಯೇ ಆಸ್ತಿ ವಹಿಯಾಗುವುದಿಲ್ಲ. ಯಾವ ಸರ್ವೆ ನಂಬರು, ಯಾವ ಹಿಸ್ಸಾ, ಯಾರ ಹೆಸರಿನಲ್ಲಿ, ಯಾವ ಮ್ಯುಟೇಶನ್ ಮೂಲಕ ಬಂತು ಎಂಬುದು ಪಹಣಿಯ ಜೀವ. ಅದೇ ರೀತಿ ಯಾವ ಉಪಕರಣ, ಯಾವ ಜಾಗದಲ್ಲಿ, ಯಾವ ಅನುಮತಿಯ ಬಲದಿಂದ, ಯಾವ ದಿನದಿಂದ ನಿಂತಿದೆ ಎಂಬ ನಾಲ್ಕನ್ನೂ ಒಟ್ಟಿಗೆ ಹೇಳುವ ದಾಖಲೆ ಮಾತ್ರ ನಿಯಂತ್ರಕರಿಗೆ ಉಪಯೋಗಕ್ಕೆ ಬರುತ್ತದೆ. ಅಂಥ ವಹಿಯನ್ನು ಭಾರತದ, ಅದರಲ್ಲೂ ಕರ್ನಾಟಕದ, ಸಂದರ್ಭದಲ್ಲಿ ಕಟ್ಟುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲು ಒಂದು ಗೊಂದಲವನ್ನು ತೊಡೆದುಹಾಕೋಣ. ನಮ್ಮಲ್ಲಿ 'ನಿಯಂತ್ರಕರು' ಎಂದೊಡನೆ ಎಲ್ಲರ ಬಾಯಿಗೂ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಹೆಸರು ಬರುತ್ತದೆ. 1997ರ ಕಾಯ್ದೆಯಿಂದ ಹುಟ್ಟಿದ ಟ್ರಾಯ್ ದರ, ಸೇವೆಯ ಗುಣಮಟ್ಟ, ಕಂಪನಿಗಳ ನಡುವಿನ ಅಂತರ್‌ಸಂಪರ್ಕ ಮುಂತಾದವನ್ನು ನೋಡಿಕೊಳ್ಳುತ್ತದೆ ಮತ್ತು ಪರವಾನಗಿ ವಿಷಯದಲ್ಲಿ ಶಿಫಾರಸು ಮಾಡುತ್ತದೆ. ಪರವಾನಗಿ ಕೊಡುವುದು ಮಾತ್ರ ಕೇಂದ್ರದ ದೂರಸಂಪರ್ಕ ಇಲಾಖೆ. ಅದೇ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗ, ಅಂದರೆ ಡಬ್ಲ್ಯುಪಿಸಿ, ರೇಡಿಯೊ ಆವರ್ತನಗಳನ್ನು ಹಂಚುತ್ತದೆ. ಸ್ಥಳಕ್ಕೆ ಬಂದು ತಪಾಸಣೆ ನಡೆಸುವವರು ಇಲಾಖೆಯ ಸೇವಾ ಕ್ಷೇತ್ರ (ಪರವಾನಗಿಗಾಗಿ ದೇಶವನ್ನು ವಿಂಗಡಿಸಿದ ಭಾಗ) ಘಟಕದವರು. ಹಿಂದೆ ಇವರನ್ನು ಟರ್ಮ್ ಸೆಲ್ ಎಂದು ಕರೆಯುತ್ತಿದ್ದರು, ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ನೀವು ತಯಾರಿಸುವ ವಹಿ ಇವರಲ್ಲಿ ಯಾರ ಮೇಜಿಗೆ ಹೋದರೂ ಅರ್ಥವಾಗುವಂತಿರಬೇಕು.

ಕೆಲಸಕ್ಕೆ ಕೂರುವ ಮುನ್ನ ಕೈಯಲ್ಲಿರಬೇಕಾದವು ಇವು: ಕಂಪನಿಯ ಪರವಾನಗಿ ಒಪ್ಪಂದ ಮತ್ತು ಅದಕ್ಕೆ ಬಂದ ಎಲ್ಲ ತಿದ್ದುಪಡಿಗಳು, ಸ್ಪೆಕ್ಟ್ರಂ, ಅಂದರೆ ರೇಡಿಯೊ ಆವರ್ತನಗಳ, ಹಂಚಿಕೆ ಪತ್ರಗಳು, ಸೈಟುವಾರು ಅನುಮತಿಗಳು, ಟವರ್ ಬಾಡಿಗೆ ಒಪ್ಪಂದಗಳು, ನೆಟ್‌ವರ್ಕ್ ನಿರ್ವಹಣಾ ಕೇಂದ್ರದಿಂದ ತೆಗೆದ ಉಪಕರಣಗಳ ಪಟ್ಟಿ, ಮತ್ತು ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಕೋಶದಲ್ಲಿ ಪ್ರತಿ ಗ್ರಾಮಕ್ಕೂ ಕೊಟ್ಟಿರುವ ಸಂಕೇತ ಸಂಖ್ಯೆ, ಅಂದರೆ ಎಲ್‌ಜಿಡಿ ಕೋಡ್. ಈ ಕೊನೆಯದನ್ನು ಬಹಳ ಮಂದಿ ತರುವುದಿಲ್ಲ. ಆಮೇಲೆ ಪರದಾಡುತ್ತಾರೆ.

ಹಂತ 1: ಅನುಮತಿಗಳಿಂದ ಶುರುಮಾಡಿ, ಉಪಕರಣಗಳಿಂದಲ್ಲ

ಸಾಮಾನ್ಯವಾಗಿ ಎಲ್ಲರೂ ಟವರ್ ಪಟ್ಟಿಯನ್ನು ಮೊದಲು ಹಿಡಿದು, ಅದರ ಮುಂದೆ ಪರವಾನಗಿ ಸಂಖ್ಯೆಯನ್ನು ತುಂಬುತ್ತಾ ಹೋಗುತ್ತಾರೆ. ಇದು ತಲೆಕೆಳಗಾದ ಕ್ರಮ. ಅನುಮತಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ, ಮೊದಲಿಗೆ, ಪೂರ್ತಿಯಾಗಿ ಮಾಡಿ. ಏಕೆಂದರೆ ಒಂದೇ ಸೈಟಿನ ಹಿಂದೆ ಕನಿಷ್ಠ ನಾಲ್ಕು ಬಗೆಯ ಅನುಮತಿಗಳಿರುತ್ತವೆ ಮತ್ತು ಅವುಗಳ ಮೂಲವೂ ಅವಧಿಯೂ ಬೇರೆ ಬೇರೆ.

ಮೊದಲನೆಯದು ಸೇವೆ ಒದಗಿಸುವ ಪರವಾನಗಿ. 2013ರಿಂದ ಬಂದ ಏಕೀಕೃತ ಪರವಾನಗಿಯ ಅವಧಿ 20 ವರ್ಷ. ಎರಡನೆಯದು ಸ್ಪೆಕ್ಟ್ರಂ ಬಳಕೆಯ ಹಕ್ಕು. ಇದು ಈಗ ಪರವಾನಗಿಯ ಜೊತೆಗೆ ತಾನಾಗಿ ಬರುವುದಿಲ್ಲ, ಹರಾಜಿನಲ್ಲಿ ಪ್ರತ್ಯೇಕವಾಗಿ ಪಡೆಯಬೇಕು; 2022ರ ಹರಾಜಿನಲ್ಲಿ ಕಂಪನಿಗಳು 51,236 ಮೆಗಾಹರ್ಟ್ಸ್ ಅನ್ನು 1,50,173 ಕೋಟಿ ರೂಪಾಯಿಗೆ ಪಡೆದವು. ಒಂದೇ ಕಂಪನಿ ಒಂದೇ ಬ್ಯಾಂಡಿನಲ್ಲಿ ಎರಡು ಬೇರೆ ವರ್ಷಗಳ ಹರಾಜಿನಲ್ಲಿ ಗೆದ್ದ ತುಂಡುಗಳನ್ನು ಹೊಂದಿರಬಹುದು, ಹಾಗಾಗಿ '1800 ಮೆಗಾಹರ್ಟ್ಸ್ ಬ್ಯಾಂಡ್' ಎಂದು ಒಂದೇ ಸಾಲಿನಲ್ಲಿ ಬರೆದು ಒಂದೇ ಮುಕ್ತಾಯ ದಿನಾಂಕ ಕೊಟ್ಟರೆ ಅದು ತಪ್ಪು ದಾಖಲೆ. ಒಂದು ಸರ್ವೆ ನಂಬರಿನಲ್ಲಿ ಮೂರು ಹಿಸ್ಸೆಗಳಿದ್ದರೆ ಪಹಣಿಯಲ್ಲಿ ಮೂರನ್ನೂ ಬೇರೆ ಬೇರೆ ತೋರಿಸುವಂತೆ, ಪ್ರತಿ ತುಂಡಿನ ಆರಂಭ ಆವರ್ತನ, ಅಂತ್ಯ ಆವರ್ತನ, ಸೇವಾ ಕ್ಷೇತ್ರ, ಹಂಚಿಕೆಯ ದಿನಾಂಕ ಮತ್ತು ಮುಕ್ತಾಯದ ದಿನಾಂಕವನ್ನು ಪ್ರತ್ಯೇಕ ಸಾಲಿನಲ್ಲಿ ಬರೆಯಿರಿ.

ಮೂರನೆಯದು ಸೈಟಿನ ಅನುಮತಿ. ಆವರ್ತನ ಹಂಚಿಕೆಯ ಸ್ಥಾಯಿ ಸಲಹಾ ಸಮಿತಿ, ಎಲ್ಲರೂ ಸಕ್ಫಾ ಎಂದು ಕರೆಯುವುದು ಇದನ್ನೇ, ಟವರಿನ ಜಾಗ ಮತ್ತು ಎತ್ತರದಿಂದ ವಿಮಾನ ಸಂಚಾರಕ್ಕಾಗಲಿ ಇತರ ರೇಡಿಯೊ ಬಳಕೆದಾರರಿಗಾಗಲಿ ತೊಂದರೆಯಿಲ್ಲವೆಂದು ನೋಡಿ ಒಪ್ಪಿಗೆ ನೀಡುತ್ತದೆ. ನಾಲ್ಕನೆಯದು ಮಾರ್ಗಾಧಿಕಾರ, ಅಂದರೆ ಸಾರ್ವಜನಿಕ ಜಾಗದಲ್ಲಿ ಕಂಬ ನೆಡುವ, ನೆಲ ಅಗೆದು ಕೇಬಲ್ ಹಾಕುವ ಹಕ್ಕು. ಇದರ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ಇಲ್ಲಿ ಜನ ಬೀಳುವ ಹಳ್ಳ ಎರಡು. ಟವರ್ ಕಂಪನಿಗಳಲ್ಲಿ ಹೆಚ್ಚಿನವು ಪರವಾನಗಿದಾರರಲ್ಲ. ಅವು ಮೂಲಸೌಕರ್ಯ ಒದಗಿಸುವ ಒಂದನೇ ವರ್ಗದ ಸಂಸ್ಥೆಗಳೆಂದು, ಐಪಿ-1 ಎಂಬ ಹೆಸರಿನಲ್ಲಿ, ನೋಂದಣಿ ಮಾತ್ರ ಪಡೆದಿರುತ್ತವೆ. ಆದ್ದರಿಂದ 'ಪರವಾನಗಿದಾರ' ಎಂಬ ಅಂಕಣದಲ್ಲಿ ಟವರ್ ಕಂಪನಿಯ ಹೆಸರು ಬರೆಯಬೇಡಿ. ಇನ್ನೊಂದು, ಟವರ್‌ಗೆ ಸೇವೆಯ ಡೇಟಾ ಸಾಗಿಸುವ ಮೈಕ್ರೋವೇವ್ ಕೊಂಡಿಗಳು. 13, 15, 18, 21 ಗಿಗಾಹರ್ಟ್ಸ್‌ನ ಈ ವಾಹಕಗಳಿಗೆ ಬೇರೆಯೇ ಹಂಚಿಕೆ ಇರುತ್ತದೆ, ಬೇರೆಯೇ ಶುಲ್ಕ ಇರುತ್ತದೆ. ಟವರ್ ಮೇಲಿನ ದುಂಡನೆಯ ಡಿಶ್‌ಗಳನ್ನು ಮರೆತು ಮೊಬೈಲುಗಳಿಗೆ ಸೇವೆ ಕೊಡುವ ಉದ್ದನೆಯ ಸೆಕ್ಟರ್ ಆಂಟೆನಾಗಳನ್ನು ಮಾತ್ರ ಲೆಕ್ಕಕ್ಕೆ ತಂದ ವಹಿಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಹಂತ 2: ಜಾಗವನ್ನು ತಪ್ಪಿಲ್ಲದೆ ಗುರುತಿಸಿ

ವಹಿ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಹಾಗಾಗಿ ಈ ಹಂತಕ್ಕೆ ತಾಳ್ಮೆ ಬೇಕು.

ಅಕ್ಷಾಂಶ ರೇಖಾಂಶಗಳನ್ನು ದಶಮಾಂಶ ಡಿಗ್ರಿಯಲ್ಲಿ, ಐದು ದಶಮಾಂಶ ಸ್ಥಾನಗಳವರೆಗೆ ಬರೆಯಿರಿ. ಐದನೆಯ ಸ್ಥಾನ ಸುಮಾರು ಒಂದು ಮೀಟರಿಗೆ ಸಮ. ಮೂರನೆಯ ಸ್ಥಾನಕ್ಕೆ ನಿಲ್ಲಿಸಿದರೆ ನೂರು ಮೀಟರಿನಷ್ಟು ಅನಿಶ್ಚಯ ಉಳಿಯುತ್ತದೆ, ಪೇಟೆಯಲ್ಲಿ ಅಷ್ಟರೊಳಗೆ ಎರಡು ಮೂರು ಟವರ್ ಇರಬಹುದು. ಡಿಗ್ರಿ-ನಿಮಿಷ-ಸೆಕೆಂಡಿನಲ್ಲಿರುವ ಹಳೆಯ ದಾಖಲೆಗಳನ್ನು ದಶಮಾಂಶಕ್ಕೆ ಬದಲಾಯಿಸುವಾಗ ಲೆಕ್ಕ ಮಾಡಿಯೇ ಬದಲಾಯಿಸಬೇಕು. ಉದಾಹರಣೆಗೆ 12 ಡಿಗ್ರಿ 58 ನಿಮಿಷ 30 ಸೆಕೆಂಡ್ ಉತ್ತರ, 77 ಡಿಗ್ರಿ 35 ನಿಮಿಷ 40 ಸೆಕೆಂಡ್ ಪೂರ್ವ ಎಂಬುದು ಬೆಂಗಳೂರಿನ ಕಬ್ಬನ್ ಪಾರ್ಕು. ಸರಿಯಾದ ದಶಮಾಂಶ ರೂಪ 12.97500, 77.59444. ಅವಸರದಲ್ಲಿ ಚುಕ್ಕೆ ಇಟ್ಟು 12.5830, 77.3540 ಎಂದು ಬರೆದುಬಿಟ್ಟರೆ ಆ ಟವರ್ ಐವತ್ತು ಕಿಲೋಮೀಟರ್ ದೂರದ ಕನಕಪುರದ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಕರ್ನಾಟಕದೊಳಗೇ ಇರುವುದರಿಂದ ಯಾವ ತಂತ್ರಾಂಶವೂ ಇದನ್ನು ತಪ್ಪೆಂದು ಹೇಳುವುದಿಲ್ಲ. ಇದಕ್ಕೆ ಹೋಲಿಸಿದರೆ ಅಕ್ಷಾಂಶ ರೇಖಾಂಶ ಅದಲುಬದಲಾಗುವುದು ಸಣ್ಣ ಸಂಗತಿ: ಆಗ ಟವರ್ ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಬಳಿಯ ಸಮುದ್ರದಲ್ಲಿ ತೇಲುತ್ತದೆ, ನಕ್ಷೆ ತೆರೆದ ಕೂಡಲೇ ಗೊತ್ತಾಗುತ್ತದೆ.

ಇನ್ನೊಂದು ಕಣ್ಣಿಗೆ ಬೀಳದ ತಪ್ಪು ಡೇಟಂನದು. ಡೇಟಂ ಎಂದರೆ ಭೂಮಿಯ ಆಕಾರವನ್ನು ಯಾವ ಮಾದರಿಯಿಂದ ಅಳೆದಿದ್ದೇವೆ ಎಂಬ ಆಧಾರ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84 ಎಂಬುದನ್ನು. ಸರ್ವೇ ಆಫ್ ಇಂಡಿಯಾದ ಹಳೆಯ ಸ್ಥಳಾಕೃತಿ ನಕ್ಷೆಗಳು ಎವರೆಸ್ಟ್ ಎಂಬ ಇನ್ನೊಂದು ಡೇಟಂ ಮೇಲೆ ನಿಂತವು. ಹಳೆಯ ನಕ್ಷೆಯಿಂದ ಓದಿದ ಬಿಂದುವನ್ನು ಹಾಗೆಯೇ ಜಿಪಿಎಸ್ ಬಿಂದುವಿನ ಪಕ್ಕಕ್ಕೆ ಇಟ್ಟರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಸರಿದಿರುತ್ತದೆ. ಪ್ರತಿ ಬಿಂದುವಿನ ಪಕ್ಕದಲ್ಲೂ ಡೇಟಂ ಮತ್ತು ಅದು ಬಂದ ಮೂಲವನ್ನು ಬರೆದಿಡುವುದೊಂದೇ ಇದಕ್ಕೆ ಮದ್ದು.

ಊರ ಹೆಸರನ್ನು ನಂಬಿ ಕೆಡಬೇಡಿ. ಕರ್ನಾಟಕದಲ್ಲಿ ಹೊಸಹಳ್ಳಿಗಳೆಷ್ಟು, ರಾಂಪುರಗಳೆಷ್ಟು ಎಂದು ಎಣಿಸಹೊರಟರೆ ಸಾಕಾಗುತ್ತದೆ. ಇದರ ಮೇಲೆ 2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಅಧಿಕೃತ ಹೆಸರು ಬದಲಾಗಿ ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2021ರಲ್ಲಿ ಬಳ್ಳಾರಿಯಿಂದ ಒಡೆದು ವಿಜಯನಗರ ಜಿಲ್ಲೆ ಬಂತು. ಹಂಚಿಕೆ ಪತ್ರದಲ್ಲಿ ಬಳ್ಳಾರಿ ಜಿಲ್ಲೆಯ ಹೊಸಪೇಟೆ ಎಂದಿದ್ದು, ಹೊಸ ಸರ್ವೆಯಲ್ಲಿ ವಿಜಯನಗರ ಜಿಲ್ಲೆ ಎಂದು ಬಂದರೆ ಅದು ಎರಡು ಸೈಟಲ್ಲ. ಎಲ್‌ಜಿಡಿ ಕೋಡನ್ನು ಮುಖ್ಯ ಗುರುತಾಗಿ ಇಟ್ಟುಕೊಂಡು, ಪತ್ರದಲ್ಲಿದ್ದ ಹಳೆಯ ಹೆಸರನ್ನು ಅಳಿಸದೆ ಪಕ್ಕದ ಅಂಕಣದಲ್ಲಿ ಉಳಿಸಿ.

ಸೇವಾ ಕ್ಷೇತ್ರದ ಗಡಿಯೂ ರಾಜ್ಯದ ಗಡಿಯೂ ಎಲ್ಲ ಕಡೆ ಒಂದೇ ಅಲ್ಲ. ದೇಶವನ್ನು 22 ಸೇವಾ ಕ್ಷೇತ್ರಗಳಾಗಿ ವಿಂಗಡಿಸಲಾಗಿದ್ದು, ಆಂಧ್ರಪ್ರದೇಶ ಕ್ಷೇತ್ರದಲ್ಲಿ ತೆಲಂಗಾಣವೂ ಮಹಾರಾಷ್ಟ್ರ ಕ್ಷೇತ್ರದಲ್ಲಿ ಗೋವೆಯೂ ಸೇರಿವೆ. ಅತ್ತಿಬೆಲೆಯ ಟವರ್ ಕರ್ನಾಟಕ ಕ್ಷೇತ್ರದ್ದು, ಅಲ್ಲಿಂದ ಕೂಗಳತೆಯಲ್ಲಿರುವ ಹೊಸೂರಿನದು ತಮಿಳುನಾಡು ಕ್ಷೇತ್ರದ್ದು. ಎರಡಕ್ಕೂ ಸ್ಪೆಕ್ಟ್ರಂ ಹಕ್ಕು ಬೇರೆ. ಬೀದರ್, ಬೆಳಗಾವಿ, ಕೋಲಾರ ಜಿಲ್ಲೆಗಳ ಅಂಚಿನ ಸೈಟುಗಳನ್ನು ಒಂದೊಂದಾಗಿ ನಕ್ಷೆಯ ಮೇಲಿಟ್ಟು ನೋಡಿಯೇ ಸೇವಾ ಕ್ಷೇತ್ರವನ್ನು ಬರೆಯಿರಿ.

ಹಂತ 3: ಟವರ್, ಬಾಡಿಗೆದಾರ, ಉಪಕರಣ ಈ ಮೂರನ್ನು ಬೇರ್ಪಡಿಸಿ

ಒಂದು ಟವರ್ ಮೇಲೆ ಮೂರು ಕಂಪನಿಗಳಿರುವುದು ಇಂದು ಸಾಮಾನ್ಯ. ಆದ್ದರಿಂದ ಟವರ್‌ಗೆ ಒಂದು ಕೋಷ್ಟಕ, ಅದರ ಮೇಲೆ ಯಾರು ಬಾಡಿಗೆಗಿದ್ದಾರೆ ಎಂಬುದಕ್ಕೆ ಇನ್ನೊಂದು, ಪ್ರತಿ ಬಾಡಿಗೆದಾರರ ಉಪಕರಣಗಳಿಗೆ ಮತ್ತೊಂದು ಕೋಷ್ಟಕ ಮಾಡಿ, ಮೂರನ್ನೂ ಗುರುತು ಸಂಖ್ಯೆಗಳಿಂದ ಕಟ್ಟಿ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ತುರುಕಿದರೆ ಟವರ್ ಮೂರು ಸಲ ಎಣಿಕೆಯಾಗುತ್ತದೆ, ಇಲ್ಲವೇ ಇಬ್ಬರು ಬಾಡಿಗೆದಾರರು ಮಾಯವಾಗುತ್ತಾರೆ.

ಟವರ್‌ಗೆ ಕೊಡುವ ಸಂಖ್ಯೆ ಯಾವ ಕಂಪನಿಯ ಸೈಟ್ ಐಡಿಯೂ ಆಗಿರಬಾರದು. ಮಾಲೀಕರು ಬದಲಾದರೂ ಉಳಿಯುವ ತಟಸ್ಥ ಸಂಖ್ಯೆಯಾಗಿರಬೇಕು. ಅಮೆರಿಕದಲ್ಲಿ 200 ಅಡಿಗಿಂತ ಎತ್ತರದ ಅಥವಾ ವಿಮಾನ ನಿಲ್ದಾಣಕ್ಕೆ ಸಮೀಪದ ಆಂಟೆನಾ ಗೋಪುರಗಳನ್ನು ಅಲ್ಲಿನ ಸಂವಹನ ಆಯೋಗದಲ್ಲಿ ನೋಂದಾಯಿಸಿ, ಆ ಸಂಖ್ಯೆಯನ್ನು ಗೋಪುರದ ಬುಡದಲ್ಲಿ ಕಾಣುವಂತೆ ಬರೆಯಬೇಕೆಂಬ ನಿಯಮವಿದೆ. ಇದು ಅನುಕರಣೆಗೆ ಯೋಗ್ಯ. ಬುಡದಲ್ಲಿ ಫಲಕವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಂದೇ ನಿದರ್ಶನ ಹೇಳುತ್ತೇನೆ: ತುಮಕೂರು ಕಡೆಯ ಒಂದು ಸೈಟಿನಲ್ಲಿ ಕಾವಲುಗಾರರೂ ಅಕ್ಕಪಕ್ಕದವರೂ ಆ ಟವರನ್ನು ಎಂದೋ ಬಾಗಿಲು ಮುಚ್ಚಿದ ಕಂಪನಿಯೊಂದರ ಹೆಸರಿನಿಂದಲೇ ಕರೆಯುತ್ತಿದ್ದರು, ಸರ್ವೆಗೆ ಬಂದ ಹುಡುಗ ಅದನ್ನೇ ಬರೆದುಕೊಂಡು ಹೋಗಿದ್ದ, ವಹಿಯಲ್ಲಿ ಆ ಕಂಪನಿ ಮತ್ತೆ ಬದುಕಿ ಬಂದಿತ್ತು.

ಉಪಕರಣದ ಕೋಷ್ಟಕದಲ್ಲಿ ತಯಾರಕರು, ಮಾದರಿ, ಸರಣಿ ಸಂಖ್ಯೆ ಇವುಗಳನ್ನು ಔಪಚಾರಿಕತೆ ಎಂದು ಭಾವಿಸಬೇಡಿ. 2021ರ ಜೂನ್ 15ರಿಂದ ಕಂಪನಿಗಳು ವಿಶ್ವಾಸಾರ್ಹ ಮೂಲವೆಂದು ಒಪ್ಪಿಗೆ ಪಡೆದ ಹೊಸ ಉಪಕರಣಗಳನ್ನು ಮಾತ್ರ ತಮ್ಮ ಜಾಲಕ್ಕೆ ಜೋಡಿಸಬೇಕು. ಕಡ್ಡಾಯ ಪರೀಕ್ಷೆ ಮತ್ತು ಪ್ರಮಾಣೀಕರಣದ ವ್ಯವಸ್ಥೆಯೂ ಬೇರೆ ಇದೆ. ಉಪಕರಣ ಆ ದಿನಾಂಕಕ್ಕೆ ಮೊದಲು ಬಂದದ್ದೋ ನಂತರದ್ದೋ ಎಂದು ಕೇಳಿದಾಗ ಉತ್ತರ ವಹಿಯಲ್ಲೇ ಸಿಗಬೇಕು.

ಹಂತ 4: ತಾಂತ್ರಿಕ ಅಂಕಿಗಳನ್ನು ಘಟಕ ಸಹಿತ ಬರೆಯಿರಿ

ಎತ್ತರ ಎಂದರೆ ಯಾವ ಎತ್ತರ? ನೆಲದಿಂದ ಆಂಟೆನಾದ ನಡುವಿನವರೆಗಿನದು ಒಂದು, ಸಮುದ್ರಮಟ್ಟದಿಂದ ಅಳೆದದ್ದು ಇನ್ನೊಂದು; ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವುದರಿಂದ ಎರಡನ್ನೂ ಬೆರೆಸಿದರೆ 30 ಮೀಟರಿನ ಟವರ್ 930 ಮೀಟರಿನದಾಗುತ್ತದೆ. ಕಟ್ಟಡದ ತಾರಸಿಯ ಮೇಲಿನ ಕಂಬಗಳಿಗೆ ಕಟ್ಟಡದ ಎತ್ತರ ಮತ್ತು ಕಂಬದ ಎತ್ತರವನ್ನು ಬೇರೆ ಬೇರೆ ಬರೆಯಿರಿ. ಜಿಪಿಎಸ್ ಯಂತ್ರ ತೋರಿಸುವ ಕಚ್ಚಾ ಎತ್ತರವನ್ನಂತೂ ನಂಬಲೇಬೇಡಿ: ಅದು ಅಳೆಯುವುದು ಗಣಿತದ ಕಲ್ಪಿತ ಮೇಲ್ಮೈಯಿಂದ, ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಆ ಮೇಲ್ಮೈಗಿಂತ 80 ಮೀಟರಿಗೂ ಕೆಳಗಿದೆ. ಮಂಗಳೂರಿನ ಕಡಲ ದಂಡೆಯಲ್ಲಿ ನಿಂತು ಕಚ್ಚಾ ಎತ್ತರ ನೋಡಿದರೆ ನೀವು ನೀರಿನಡಿ ಮುಳುಗಿದಂತೆ ಋಣ ಸಂಖ್ಯೆ ಬರುತ್ತದೆ.

ಆಂಟೆನಾ ಮುಖ ಮಾಡಿರುವ ದಿಕ್ಕನ್ನು ಉತ್ತರದಿಂದ ಪ್ರದಕ್ಷಿಣೆಯಾಗಿ ಡಿಗ್ರಿಯಲ್ಲಿ ಬರೆಯುವುದು ವಾಡಿಕೆ. ನಮ್ಮಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜ ಉತ್ತರಕ್ಕೂ ವ್ಯತ್ಯಾಸ ಅತ್ಯಲ್ಪ, ಅದರ ಬಗ್ಗೆ ಚಿಂತೆ ಬೇಡ; ಆದರೆ ಉಕ್ಕಿನ ಟವರಿನ ಕಾಲ ಬಳಿಯೇ ನಿಂತು ದಿಕ್ಸೂಚಿ ಹಿಡಿದರೆ ಮುಳ್ಳು ಎಲ್ಲೆಲ್ಲಿಗೋ ತಿರುಗುತ್ತದೆ. ಹತ್ತಿಪ್ಪತ್ತು ಮೀಟರ್ ದೂರ ಸರಿದು, ಆಂಟೆನಾದ ನೇರಕ್ಕೆ ನಿಂತು ಅಳೆಯಿರಿ.

ಹೊರಸೂಸುವ ಪರಿಣಾಮಕಾರಿ ಶಕ್ತಿಯನ್ನು, ಅಂದರೆ ಇಐಆರ್‌ಪಿಯನ್ನು, ಕಂಪನಿ ಕೊಟ್ಟ ಅಂಕಿಯಂತೆ ನಕಲು ಮಾಡದೆ ಲೆಕ್ಕ ಹಾಕಿ ತಾಳೆ ನೋಡಿ. ಪ್ರಸಾರಕದ ಶಕ್ತಿ 43 ಡಿಬಿಎಂ (ಒಂದು ಮಿಲಿವಾಟಿಗೆ ಹೋಲಿಸಿ ಡೆಸಿಬೆಲ್‌ನಲ್ಲಿ ಹೇಳುವ ಶಕ್ತಿ), ಅಂದರೆ 20 ವಾಟ್. ಆಂಟೆನಾ ಗಳಿಕೆ, ಅಂದರೆ ಶಕ್ತಿಯನ್ನು ಒಂದು ದಿಕ್ಕಿಗೆ ಒಟ್ಟುಗೂಡಿಸುವ ಪ್ರಮಾಣ, 17 ಡಿಬಿಐ. ಕೇಬಲಿನಲ್ಲಿ ನಷ್ಟ 3 ಡಿಬಿ ಎಂದಾದರೆ, ಕೂಡಿ ಕಳೆದು 57 ಡಿಬಿಎಂ, ಅಂದರೆ ಸುಮಾರು 500 ವಾಟ್. ಗಳಿಕೆಯನ್ನು ಕೆಲವರು ಡಿಬಿಐ (ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಲ್ಪಿತ ಆಂಟೆನಾಗೆ ಹೋಲಿಸಿದ್ದು) ಬದಲು ಡಿಬಿಡಿಯಲ್ಲಿ (ಡೈಪೋಲ್ ಎಂಬ ಸರಳ ಆಂಟೆನಾಗೆ ಹೋಲಿಸಿದ್ದು) ಕೊಡುತ್ತಾರೆ. ಎರಡರ ನಡುವೆ 2.15 ಡಿಬಿ ಅಂತರವಿದೆ. ಈ ಅಂಕಿ ಮುಖ್ಯವಾಗುವುದು ವಿಕಿರಣ ಮಿತಿಯ ಲೆಕ್ಕಕ್ಕೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದರಷ್ಟು ಮಿತಿಯನ್ನು ಜಾರಿಗೆ ತಂದಿತು. 900 ಮೆಗಾಹರ್ಟ್ಸ್‌ಗೆ ಅದು ಚದರ ಮೀಟರಿಗೆ 0.45 ವಾಟ್. ಒಂದೇ ಟವರಿನಲ್ಲಿ ಮೂವರು ಬಾಡಿಗೆದಾರರಿದ್ದರೆ ಮೂವರ ಹೊರಸೂಸುವಿಕೆಯೂ ಸೇರಿಯೇ ಮಿತಿಯೊಳಗಿರಬೇಕು, ಆದ್ದರಿಂದ ಒಬ್ಬರ ಅಂಕಿ ಬಿಟ್ಟುಹೋದರೆ ಉಳಿದಿಬ್ಬರ ಲೆಕ್ಕವೂ ಕೆಡುತ್ತದೆ.

ಹಂತ 5: ನೆಲದಡಿಯ ಆಸ್ತಿ

ಆಪ್ಟಿಕಲ್ ಫೈಬರ್ ಕೇಬಲ್‌ಗಳನ್ನು ಬಿಂದುವಾಗಿ ಅಲ್ಲ, ಗೆರೆಯಾಗಿ ದಾಖಲಿಸಬೇಕು: ಎಲ್ಲಿಂದ ಎಲ್ಲಿಗೆ, ರಸ್ತೆಯ ಯಾವ ಪಕ್ಕ, ಎಷ್ಟು ಆಳ, ಯಾವ ಡಕ್ಟ್ (ಕೇಬಲ್ ಹಾಯುವ ಕೊಳವೆ), ಎಷ್ಟು ಎಳೆ, ಜಾಯಿಂಟ್‌ಗಳು ಎಲ್ಲೆಲ್ಲಿ, ಯಾವ ಸಂಸ್ಥೆಯ ಯಾವ ದಿನಾಂಕದ ಅನುಮತಿ. ಯೋಜನಾ ನಕ್ಷೆಯನ್ನೇ ಅಂತಿಮ ನಕ್ಷೆಯೆಂದು ಸಲ್ಲಿಸುವುದು ಇಲ್ಲಿನ ದೊಡ್ಡ ಪಾಪ; ಬಂಡೆ ಅಡ್ಡ ಬಂದಾಗ ಅಗೆಯುವವರು ಮಾರ್ಗ ಬದಲಿಸಿರುತ್ತಾರೆ, ನಕ್ಷೆ ಬದಲಾಗಿರುವುದಿಲ್ಲ. 2023ರ ಮಾರ್ಚ್ 22ರಂದು ಬಿಡುಗಡೆಯಾದ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ನಿಂತಿರುವುದು ಈ ಗೆರೆಗಳ ಮೇಲೆಯೇ: ಜೆಸಿಬಿ ತರುವ ಮುನ್ನ ಅಗೆಯುವವರು ಜಾಗ ತಿಳಿಸಿದರೆ, ಅಲ್ಲಿ ಆಸ್ತಿ ಇರುವವರಿಗೆ ಸೂಚನೆ ಹೋಗುತ್ತದೆ. ಗೆರೆ ತಪ್ಪಿದ್ದರೆ ಸೂಚನೆಯೂ ತಪ್ಪು ಮನೆಗೆ ಹೋಗುತ್ತದೆ.

ಹಂತ 6: ಅಳಿಸಬೇಡಿ, ದಿನಾಂಕ ಹಾಕಿ

ಪ್ರತಿ ಉಪಕರಣಕ್ಕೂ ನಾಲ್ಕು ದಿನಾಂಕಗಳಿರಲಿ: ಅನುಮತಿ ಸಿಕ್ಕಿದ್ದು, ಅಳವಡಿಸಿದ್ದು, ಪ್ರಸಾರ ಶುರುವಾದದ್ದು, ನಿಂತದ್ದು. ಬಿಚ್ಚಿ ಸಾಗಿಸಿದ ದಿನ ಬೇರೆಯಾಗಿದ್ದರೆ ಅದು ಐದನೆಯದು. ಕೆಲಸ ನಿಲ್ಲಿಸಿದ ಸೈಟಿನ ಸಾಲನ್ನು ಅಳಿಸಿಹಾಕುವುದು ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಮಾಡಬಾರದ ಕೆಲಸ.

ಕಾರಣ ಇಷ್ಟೇ. ನಮ್ಮ ದೂರಸಂಪರ್ಕ ಕ್ಷೇತ್ರದಲ್ಲಿ ಹಕ್ಕು ಕೈ ಬದಲಾಯಿಸಿದ ಪ್ರಕರಣಗಳು ಬೇಕಾದಷ್ಟಿವೆ. 2012ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿತು. 2018ರಲ್ಲಿ ಏರ್‌ಸೆಲ್ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದೇ ವರ್ಷ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು. 2021ರಲ್ಲಿ ಏರ್‌ಟೆಲ್ ಆಂಧ್ರಪ್ರದೇಶ, ದೆಹಲಿ, ಮುಂಬೈ ಕ್ಷೇತ್ರಗಳ ತನ್ನ 800 ಮೆಗಾಹರ್ಟ್ಸ್ ಹಕ್ಕನ್ನು ಜಿಯೋಗೆ ವರ್ಗಾಯಿಸಿತು. ಇವೆಲ್ಲ ಮ್ಯುಟೇಶನ್‌ಗಳೇ. ವಿಲೀನಕ್ಕೆ ಮೊದಲು ಒಂದೇ ಟವರಿನಲ್ಲಿ ಎರಡು ಕಂಪನಿಗಳ ಉಪಕರಣಗಳಿದ್ದರೆ, ವಿಲೀನದ ನಂತರ ಅದು 'ನಕಲು ಸಾಲು' ಎಂದು ತಂತ್ರಾಂಶಕ್ಕೆ ತೋರುತ್ತದೆ. ವಾಸ್ತವದಲ್ಲಿ ಅಲ್ಲಿ ಎರಡು ಸೆಟ್ ಆಂಟೆನಾಗಳು ನಿಂತೇ ಇರಬಹುದು. ಮಾಲೀಕರ ಹೆಸರಿನ ಮೇಲೆ ಹೊಸ ಹೆಸರನ್ನು ಬರೆಯಬೇಡಿ; ಹಳೆಯ ಸಾಲಿಗೆ ಅಂತ್ಯ ದಿನಾಂಕ ಹಾಕಿ, ಹೊಸ ಸಾಲು ತೆರೆದು, ವರ್ಗಾವಣೆಯ ಆದೇಶ ಸಂಖ್ಯೆಯನ್ನು ನಮೂದಿಸಿ. 'ಇಂಥ ದಿನ ಇಂಥ ಜಾಗದಲ್ಲಿ ಇಂಥ ಆವರ್ತನ ಯಾರದಾಗಿತ್ತು' ಎಂಬ ಪ್ರಶ್ನೆಗೆ ಐದು ವರ್ಷದ ನಂತರವೂ ಉತ್ತರ ಹೇಳಲು ಬರುವ ವಹಿಯನ್ನು ಮಾತ್ರ ನ್ಯಾಯಾಲಯದಲ್ಲಿ ತೆರೆಯಬಹುದು.

ಹಂತ 7: ತಾಳೆ ನೋಡುವುದು

ಕಣ್ಣಿನಿಂದ ಓದಿ ತಪ್ಪು ಹುಡುಕುವುದು ಸಾವಿರ ಸಾಲಿನ ಮೇಲೆ ಆಗದ ಮಾತು. ಕೆಲವು ನಿಯಮಗಳನ್ನು ತಂತ್ರಾಂಶಕ್ಕೆ ಕಲಿಸಿ:

• ಪ್ರಸಾರ ಆವರ್ತನ ಆ ಕಂಪನಿಗೆ ಆ ಸೇವಾ ಕ್ಷೇತ್ರದಲ್ಲಿ ಹಂಚಿದ ತುಂಡಿನೊಳಗೇ ಇದೆಯೇ?

• 1800 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಬೇಸ್ ಸ್ಟೇಷನ್, ಅಂದರೆ ಟವರಿನಲ್ಲಿರುವ ರೇಡಿಯೊ ಉಪಕರಣ, ಪ್ರಸಾರ ಮಾಡುವುದು 1805ರಿಂದ 1880ರ ನಡುವೆ, ಕೇಳುವುದು 1710ರಿಂದ 1785ರ ನಡುವೆ. ಪ್ರಸಾರದ ಅಂಕಣದಲ್ಲಿ 1765 ಕಂಡರೆ ಎರಡು ಅಂಕಣಗಳು ಅದಲುಬದಲಾಗಿವೆ ಎಂದರ್ಥ.

• ಪ್ರಸಾರ ಶುರುವಾದ ದಿನಾಂಕ ಅನುಮತಿಯ ದಿನಾಂಕಕ್ಕಿಂತ ಹಿಂದಿದೆಯೇ? ಇದ್ದರೆ ಅದು ಬರೆದವರ ತಪ್ಪಿರಬಹುದು, ಉಲ್ಲಂಘನೆಯೂ ಇರಬಹುದು. ಸರಿಪಡಿಸುವ ಮುನ್ನ ಮೂಲಪತ್ರ ನೋಡಿ.

• ಅನುಮತಿ ಇದ್ದೂ ಉಪಕರಣವಿಲ್ಲದ ಸಾಲುಗಳು, ಉಪಕರಣ ಇದ್ದೂ ಅನುಮತಿಯಿಲ್ಲದ ಸಾಲುಗಳು ಯಾವುವು? ನಿಯಂತ್ರಕರ ಕಣ್ಣು ಹೋಗುವುದು ಎರಡನೆಯದರ ಕಡೆಗೆ, ಆದರೆ ಮೊದಲನೆಯದೂ ಮುಖ್ಯ. ಪಡೆದ ಸ್ಪೆಕ್ಟ್ರಂ ಬಳಸಿ ಜಾಲ ವಿಸ್ತರಿಸಬೇಕೆಂಬ ಷರತ್ತು ಹಂಚಿಕೆಯ ಜೊತೆಗೇ ಇರುತ್ತದೆ.

• 2017ರ ಮೇ ತಿಂಗಳಲ್ಲಿ ಶುರುವಾದ ತರಂಗ ಸಂಚಾರ್ ಪೋರ್ಟಲಿನಲ್ಲಿ ಕಂಪನಿಯೇ ಸಲ್ಲಿಸಿದ ವಿಕಿರಣ ಸ್ವಯಂಪ್ರಮಾಣಪತ್ರದ ಸೈಟುಗಳೂ ನಿಮ್ಮ ವಹಿಯ ಸೈಟುಗಳೂ ಹೊಂದುತ್ತವೆಯೇ?

ಎಕ್ಸೆಲ್ ಬಳಸುವವರಿಗೆ ಪ್ರತ್ಯೇಕ ಎಚ್ಚರಿಕೆ. 004512 ಎಂಬ ಸೈಟ್ ಐಡಿಯನ್ನು ಅದು ತಾನಾಗಿ 4512 ಮಾಡಿಬಿಡುತ್ತದೆ. 15 ಅಂಕಿಗಿಂತ ಉದ್ದದ ಸರಣಿ ಸಂಖ್ಯೆಗಳ ಕೊನೆಯ ಅಂಕಿಗಳನ್ನು ಸೊನ್ನೆಯಾಗಿಸುತ್ತದೆ. 03-04-2019 ಎಂಬುದನ್ನು ಯಂತ್ರದ ಸೆಟ್ಟಿಂಗ್ ನೋಡಿಕೊಂಡು ಏಪ್ರಿಲ್ 3 ಎಂದೋ ಮಾರ್ಚ್ 4 ಎಂದೋ ಓದುತ್ತದೆ. ಗುರುತು ಸಂಖ್ಯೆಗಳ ಅಂಕಣಗಳನ್ನು ದತ್ತಾಂಶ ತುಂಬುವ ಮೊದಲೇ 'ಪಠ್ಯ' ಎಂದು ನಿಗದಿಪಡಿಸಿ, ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಬರೆಯಿರಿ.

ಹಂತ 8: ಸ್ಥಳಕ್ಕೆ ಹೋಗಿ ನೋಡಿ

ಎಲ್ಲ ಸೈಟಿಗೂ ಹೋಗಲಾಗುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಸಾವಿರಾರು ಸೈಟುಗಳ ವಹಿಯಲ್ಲಿ ಶೇಕಡಾ ಎಷ್ಟು ತಪ್ಪಿದೆ ಎಂಬುದನ್ನು 5 ಶೇಕಡಾ ಅಂಶದ ಆಚೀಚೆಗೆ, ಶೇ 95ರ ಭರವಸೆಯೊಂದಿಗೆ ಹೇಳಲು ಯಾದೃಚ್ಛಿಕವಾಗಿ ಆರಿಸಿದ 385 ಸೈಟುಗಳು ಸಾಕು. ಯಾದೃಚ್ಛಿಕ ಎಂಬ ಮಾತಿಗೆ ಒತ್ತು ಕೊಡುತ್ತಿದ್ದೇನೆ: ಹೆದ್ದಾರಿ ಪಕ್ಕದ, ಮಧ್ಯಾಹ್ನದ ಊಟಕ್ಕೆ ಅನುಕೂಲವಾದ 385 ಸೈಟುಗಳನ್ನು ನೋಡಿ ಬಂದರೆ ಆ ಲೆಕ್ಕ ಹೆದ್ದಾರಿಗೆ ಮಾತ್ರ ಅನ್ವಯಿಸುತ್ತದೆ. ಆರಿಸಿದ ಪಟ್ಟಿಯಲ್ಲಿ ಮಲೆನಾಡಿನ ಗುಡ್ಡದ ತುದಿಯ ಸೈಟ್ ಇದ್ದರೆ ಅಲ್ಲಿಗೂ ಹತ್ತಲೇಬೇಕು. ನಗರ ಮತ್ತು ಗ್ರಾಮೀಣ ಭಾಗಗಳಿಗೆ ಬೇರೆ ಬೇರೆ ಫಲಿತಾಂಶ ಬೇಕಾದರೆ ಮಾದರಿಯೂ ಬೇರೆ ಬೇರೆಯಾಗಿಯೇ, ಎರಡಕ್ಕೂ ಸಾಲುವಷ್ಟು, ಇರಬೇಕು.

ಸೈಟಿನಲ್ಲಿ ತೆಗೆಯಬೇಕಾದ ಚಿತ್ರಗಳು: ಬುಡದ ಫಲಕ, ಇಡೀ ಟವರ್, ಪ್ರತಿ ಆಂಟೆನಾದ ಹತ್ತಿರದ ನೋಟ, ಉಪಕರಣದ ಮೇಲಿನ ಸರಣಿ ಸಂಖ್ಯೆಯ ಪಟ್ಟಿ. ತೆರೆದ ಜಾಗದಲ್ಲಿ ನಿಂತು ಮೊಬೈಲಿನ ಸ್ಥಾನ ನಿಖರವಾಗುವವರೆಗೆ ಒಂದೆರಡು ನಿಮಿಷ ಕಾಯಿರಿ. ಚಿತ್ರಗಳನ್ನು ವಾಟ್ಸ್ಆ್ಯಪಿನಲ್ಲಿ ಫೋಟೊ ಆಗಿ ಕಳಿಸಬೇಡಿ. ಹಾಗೆ ಕಳಿಸಿದಾಗ ಚಿತ್ರದೊಳಗಿನ ಜಾಗ ಮತ್ತು ಸಮಯದ ಮಾಹಿತಿ ಅಳಿಸಿಹೋಗುತ್ತದೆ, ನಿಮ್ಮ ಸಾಕ್ಷ್ಯ ಬರಿಯ ಚಿತ್ರವಾಗಿ ಉಳಿಯುತ್ತದೆ. ದಾಖಲೆಯಾಗಿ ಕಳಿಸಿ, ಇಲ್ಲವೇ ಮೂಲ ಕಡತವನ್ನೇ ಕೊಡಿ. ವಹಿಯಲ್ಲಿ ಮೂರು ಆಂಟೆನಾ ಇದ್ದು ಕಣ್ಣೆದುರು ಆರು ಕಂಡರೆ, ವಹಿಯನ್ನು ಅಲ್ಲೇ ತಿದ್ದಬೇಡಿ. ಕಂಡದ್ದನ್ನು 'ಸ್ಥಳ ವೀಕ್ಷಣೆ' ಎಂಬ ಪ್ರತ್ಯೇಕ ಕೋಷ್ಟಕದಲ್ಲಿ ಬರೆಯಿರಿ. ಹೆಚ್ಚುವರಿ ಮೂರು ಇನ್ನೊಬ್ಬ ಬಾಡಿಗೆದಾರರದಿರಬಹುದು, ಕೆಲಸ ನಿಂತ ಹಳೆಯವಿರಬಹುದು. ಅವು ಪ್ರಸಾರ ಮಾಡುತ್ತಿವೆಯೋ ಇಲ್ಲವೋ ಎಂಬುದನ್ನು ಆವರ್ತನಗಳನ್ನು ಅಳೆಯುವ ಯಂತ್ರವಾದ ಸ್ಪೆಕ್ಟ್ರಂ ಅನಲೈಸರ್ ಹೇಳಬೇಕು, ಕಣ್ಣಲ್ಲ.

ಹಂತ 9: ಸಲ್ಲಿಕೆ ಮತ್ತು ಜೋಪಾನ

ಸಲ್ಲಿಸುವಾಗ ವಹಿಯ ಜೊತೆ ಒಂದು ಪುಟದ ಟಿಪ್ಪಣಿ ಇರಲಿ: ಯಾವ ದಿನದ ಸ್ಥಿತಿ, ಯಾವ ಮೂಲಗಳಿಂದ, ಎಷ್ಟು ಸಾಲು ಇನ್ನೂ ಹೊಂದಿಕೆಯಾಗಿಲ್ಲ. ಹೊಂದಿಕೆಯಾಗದ ಸಾಲುಗಳನ್ನು ಮುಚ್ಚಿಡುವವರಿದ್ದಾರೆ. ತಪಾಸಣೆಯಲ್ಲಿ ಸಿಕ್ಕಿಬಿದ್ದಾಗ ಉಳಿದ ಸರಿಯಾದ ಸಾಲುಗಳ ಮೇಲೂ ಅನುಮಾನ ಬರುತ್ತದೆ. ಪ್ರತಿ ಸಲ್ಲಿಕೆಯ ಪ್ರತಿಯನ್ನು ಬದಲಾಯಿಸಲಾಗದ ರೂಪದಲ್ಲಿ ತೆಗೆದಿಡಿ ಮತ್ತು ಮುಂದಿನ ಸಲ್ಲಿಕೆಯಲ್ಲಿ ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಪಟ್ಟಿಯನ್ನೂ ಕೊಡಿ. ಪೂರ್ತಿ ವಹಿಗಿಂತ ಅಧಿಕಾರಿಗಳು ಮೊದಲು ಓದುವುದು ಅದನ್ನೇ.

ಟವರ್ ಮತ್ತು ಕೇಬಲ್‌ಗಳ ನಿಖರ ಜಾಗ, ಸ್ವಿಚ್ ಕೇಂದ್ರಗಳ ವಿವರ ಇವು ಸೂಕ್ಷ್ಮ ಮಾಹಿತಿ. 2024ರಲ್ಲಿ ನಿರ್ಣಾಯಕ ದೂರಸಂಪರ್ಕ ಮೂಲಸೌಕರ್ಯದ ಬಗ್ಗೆ ಪ್ರತ್ಯೇಕ ನಿಯಮಗಳೇ ಬಂದಿವೆ. ಸರ್ವೆ ತಂಡದ ಗುಂಪಿನಲ್ಲಿ ಇಡೀ ಕಡತ ಹಂಚುವ ಅಭ್ಯಾಸವಿದ್ದರೆ ಇಂದೇ ನಿಲ್ಲಿಸಿ, ಒಬ್ಬೊಬ್ಬರಿಗೂ ಆ ದಿನ ಹೋಗಬೇಕಾದ ಸೈಟುಗಳ ಸಾಲುಗಳನ್ನು ಮಾತ್ರ ಕೊಡಿ. ಕೆಲಸ ಬಿಟ್ಟುಹೋದವರ ಪ್ರವೇಶಾಧಿಕಾರವನ್ನು ಅದೇ ಸಂಜೆ ತೆಗೆದುಹಾಕಿ.